ಪಾರ್ಶ್ವವಾಯು: ಗುರುತಿಸುವ ಬಗೆ, ಗಡಿಯಾರದ ಲೆಕ್ಕ

ಪಾರ್ಶ್ವವಾಯು ಮೆದುಳಿನ ಕಾಯಿಲೆ. ಮೆದುಳಿನ ಒಂದು ಭಾಗಕ್ಕೆ ಹರಿಯುವ ರಕ್ತ ಇದ್ದಕ್ಕಿದ್ದಂತೆ ನಿಂತರೆ, ಅಥವಾ ಅಲ್ಲಿನ ರಕ್ತನಾಳ ಒಡೆದು ರಕ್ತ ಸೋರಿದರೆ, ಆ ಭಾಗ ನೋಡಿಕೊಳ್ಳುತ್ತಿದ್ದ ಕೆಲಸ ಕೆಡುತ್ತದೆ. ಕೈಕಾಲು ಆಡಿಸುವ ಭಾಗಕ್ಕೆ ಪೆಟ್ಟು ಬಿದ್ದರೆ ಕೈಕಾಲು ಸ್ವಾಧೀನ ತಪ್ಪುತ್ತದೆ. ಮಾತಿನ ಭಾಗಕ್ಕೆ ಬಿದ್ದರೆ ಮಾತು ನಿಲ್ಲುತ್ತದೆ. ನೋಟದ ಭಾಗಕ್ಕೆ ಬಿದ್ದರೆ ಕಣ್ಣು ಚೆನ್ನಾಗಿದ್ದೂ ಅರ್ಧ ನೋಟ ಮಾಯವಾಗುತ್ತದೆ. ತೊಂದರೆ ಕಾಣುವುದು ಮೈಯಲ್ಲಿ, ಅದರ ಬೇರು ಇರುವುದು ತಲೆಯೊಳಗೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಈ ಕಾಯಿಲೆಗೆ ಭಾಷೆಗೊಂದು ಹೆಸರಿದೆ. ಕನ್ನಡದವರು ಪಾರ್ಶ್ವವಾಯು, ಲಕ್ವ ಎನ್ನುತ್ತಾರೆ. ಹಲಸೂರಿನ ತಮಿಳು ಮನೆಗಳಲ್ಲಿ ಅದು ಪಕ್ಕವಾದಂ, ತೆಲುಗರಲ್ಲಿ ಪಕ್ಷವಾತಂ, ಶಿವಾಜಿನಗರದ ದಖನಿ ಮಾತಿನಲ್ಲಿ ಲಖ್ವಾ ಅಥವಾ ಫಾಲಿಜ್. ಪಾರ್ಶ್ವ, ಪಕ್ಕ, ಪಕ್ಷ ಮೂರೂ ಮೈಯ ಒಂದು ಬದಿಯನ್ನು ಹೇಳುವ ಮಾತುಗಳು. ವಾಯು, ವಾತ ಎಂದರೆ ಗಾಳಿ. ಅರಬ್ಬಿಯಿಂದ ಬಂದ ಫಾಲಿಜ್ ಪದದ ಬೇರಿನಲ್ಲೂ ಎರಡಾಗಿ ಸೀಳುವ ಅರ್ಥವಿದೆ. ಲಕ್ವ ಎಂಬುದು ಯುನಾನಿ ವೈದ್ಯದಲ್ಲಿ ಬಾಯಿ ಸೊಟ್ಟಗಾಗುವ ರೋಗದ ಹೆಸರು. ಹೆಸರಿಟ್ಟವರು ಕಣ್ಣಿಗೆ ಬಿದ್ದದ್ದನ್ನು ಸರಿಯಾಗಿಯೇ ಕಂಡಿದ್ದರು: ಅರ್ಧ ಮೈ ಬಿದ್ದುಹೋಗುತ್ತದೆ. ಆದರೆ ಈ ಯಾವ ಹೆಸರಿನಲ್ಲೂ ಮೆದುಳಿಲ್ಲ. ಸತ್ತವರ ತಲೆಯನ್ನು ಬಿಚ್ಚಿ ನೋಡಿ, ಒಳಗೆ ರಕ್ತ ಸೋರಿರುವುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಬರೆದಿಟ್ಟದ್ದು 1658ರಲ್ಲಿ. ಅಷ್ಟು ಹಳೆಯ ತಿಳಿವಳಿಕೆ ಇಂದಿಗೂ ಎಲ್ಲ ಮನೆಗಳನ್ನು ಮುಟ್ಟಿಲ್ಲ. ಕೈ ಬಿದ್ದಾಗ ಮನೆಯವರು ಕೈಯನ್ನೇ ನೋಡುತ್ತಾರೆ, ಕೈಯನ್ನೇ ತಿಕ್ಕುತ್ತಾರೆ. ಆ ಹೊತ್ತಿನಲ್ಲಿ ಮೆದುಳು ಸಾಯುತ್ತಿರುತ್ತದೆ.

ತಲೆಯೊಳಗೆ ಆಗುವುದೇನು

ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಆಮ್ಲಜನಕವನ್ನಾಗಲಿ ಸಕ್ಕರೆಯನ್ನಾಗಲಿ ಕೂಡಿಟ್ಟುಕೊಳ್ಳುವ ಉಗ್ರಾಣ ಮೆದುಳಿಗಿಲ್ಲ. ರಕ್ತ ಬಂದ ಹಾಗೆ ಬದುಕು; ನಿಂತರೆ ಕೆಲವೇ ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ.

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ರಕ್ತನಾಳ ಕಟ್ಟಿಕೊಂಡು ಆಗುವುದು ಒಂದು. ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಆಗುವುದು ಇದೇ. ನಾಳದ ಗೋಡೆಗೆ ವರ್ಷಗಟ್ಟಲೆ ಕೊಬ್ಬು ಮೆತ್ತಿಕೊಂಡು ದಾರಿ ಕಿರಿದಾಗಿ, ಕೊನೆಗೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇಲ್ಲವೆ ಹೃದಯದಲ್ಲೋ ಕುತ್ತಿಗೆಯ ನಾಳದಲ್ಲೋ ಕಟ್ಟಿದ ಹೆಪ್ಪು ರಕ್ತದ ಜೊತೆ ಹರಿದು ಮೆದುಳಿನ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಎರಡನೆಯ ಬಗೆಯಲ್ಲಿ ನಾಳ ಒಡೆಯುತ್ತದೆ. ಇದಕ್ಕೆ ಮುಖ್ಯ ಕಾರಣ ಬಹುಕಾಲ ಹಿಡಿತಕ್ಕೆ ಸಿಗದ ರಕ್ತದೊತ್ತಡ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಚಿಕಿತ್ಸೆ ಮಾತ್ರ ಒಂದಕ್ಕೊಂದು ತದ್ವಿರುದ್ಧ: ಮೊದಲನೆಯದರಲ್ಲಿ ಹೆಪ್ಪು ಕರಗಬೇಕು, ಎರಡನೆಯದರಲ್ಲಿ ರಕ್ತ ಸೋರುವುದು ನಿಲ್ಲಬೇಕು. ಯಾವುದು ಆಗಿದೆ ಎಂದು ಹೇಳಬಲ್ಲದ್ದು ತಲೆಯ ಸ್ಕ್ಯಾನ್ ಒಂದೇ.

ಮೆದುಳಿನಿಂದ ಮೈಗೆ ಇಳಿಯುವ ನರಗಳ ದಾರಿ ಅಡ್ಡ ಹಾಯುತ್ತದೆ. ಆದ್ದರಿಂದ ಎಡ ಮೆದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಬೀಳುತ್ತವೆ. ಬಹುತೇಕ ಜನರಲ್ಲಿ ಮಾತಿನ ಕೇಂದ್ರವೂ ಎಡಭಾಗದಲ್ಲೇ ಇರುವುದರಿಂದ ಬಲಗೈ ಬಿದ್ದವರಿಗೆ ಮಾತೂ ಕೆಡುವುದು ಹೆಚ್ಚು.

ಗುರುತುಗಳು

ಪಾರ್ಶ್ವವಾಯುವಿನ ಎಲ್ಲ ಗುರುತುಗಳಲ್ಲೂ ಸಮಾನವಾಗಿರುವುದು ಒಂದು: ಅವು ಇದ್ದಕ್ಕಿದ್ದಂತೆ ಬರುತ್ತವೆ. ಒಂದು ಗಳಿಗೆಯ ಹಿಂದೆ ಸರಿಯಾಗಿದ್ದವರು ಮರುಗಳಿಗೆ ಹಾಗಿರುವುದಿಲ್ಲ. ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಎದೆನೋವು ಮನುಷ್ಯನನ್ನು ಆಸ್ಪತ್ರೆಗೆ ಓಡಿಸುತ್ತದೆ. ನೋವಿಲ್ಲದ ಈ ಕಾಯಿಲೆ ‘ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಎಡೆಮಾಡಿಕೊಡುತ್ತದೆ.

ಮೊದಲು ಮುಖ. ಹಲ್ಲು ಕಾಣುವಂತೆ ನಗಲು ಹೇಳಬೇಕು. ತುಟಿಯ ಒಂದು ತುದಿ ಜೋತುಬಿದ್ದಿದ್ದರೆ, ಬಾಯಿ ಒಂದು ಕಡೆಗೆ ಎಳೆದುಕೊಂಡರೆ, ಅದು ಗುರುತು. ಕಾಫಿ ಕುಡಿಯುವಾಗ ಬಾಯಿಯ ಅಂಚಿನಿಂದ ಸೋರಿದ್ದನ್ನು ಕಂಡೇ ಎಷ್ಟೋ ಮನೆಗಳಲ್ಲಿ ಮೊದಲ ಅನುಮಾನ ಹುಟ್ಟುತ್ತದೆ.

ಎರಡನೆಯದು ಕೈ. ಕಣ್ಣು ಮುಚ್ಚಿಸಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಅಂಗೈ ಮೇಲೆ ಮಾಡಿ ಹಿಡಿಯಲು ಹೇಳಬೇಕು. ಹತ್ತು ಎಣಿಸುವಷ್ಟರಲ್ಲಿ ಒಂದು ಕೈ ತಾನಾಗಿ ಕೆಳಗಿಳಿದರೆ ಆ ಬದಿಯಲ್ಲಿ ಬಲ ಕುಂದಿದೆ. ಕೈಯಿಂದ ಲೋಟ ಜಾರುವುದು, ಅಂಗಿಯ ಗುಂಡಿ ಹಾಕಲಾಗದಿರುವುದು, ಚಪ್ಪಲಿ ಕಳಚಿ ಬಿದ್ದದ್ದೇ ತಿಳಿಯದೆ ನಡೆದು ಹೋಗುವುದು, ಒಂದು ಬದಿ ಜೋಮು ಹಿಡಿದಂತಾಗುವುದು ಇದೇ ಸಾಲಿಗೆ ಸೇರುತ್ತವೆ.

ಮೂರನೆಯದು ಮಾತು. ಒಂದು ಚಿಕ್ಕ ವಾಕ್ಯ ಹೇಳಿ, ಅದನ್ನೇ ತಿರುಗಿ ಹೇಳಿಸಬೇಕು. ಮಾತು ತೊದಲಬಹುದು, ಪದಗಳು ಅದಲುಬದಲಾಗಬಹುದು. ಕೆಲವೊಮ್ಮೆ ಮಾತು ಸರಾಗವಾಗಿಯೇ ಬರುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಇನ್ನು ಕೆಲವರಿಗೆ ಎದುರಿನವರು ಹೇಳಿದ್ದು ತಿಳಿಯುವುದಿಲ್ಲ. ಇಂಥವರನ್ನು ತಲೆ ಕೆಟ್ಟವರೆಂದೋ ಕುಡಿದವರೆಂದೋ ತಪ್ಪು ತಿಳಿಯುವ ಅಪಾಯವಿದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಆಡುವ ಜನರಿರುವ ಕಡೆ ಈ ಪರೀಕ್ಷೆಯನ್ನು ರೋಗಿಯ ತಾಯ್ನುಡಿಯಲ್ಲೇ ಮಾಡುವುದು ಒಳ್ಳೆಯದು. ಯಾವುದಾದರೂ ಒಂದು ಭಾಷೆಯಲ್ಲಿ ತಡವರಿಸಿದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗಳೂ ಸಮನಾಗಿಯೇ ಕೆಡಬೇಕೆಂದಿಲ್ಲ.

ಈ ಮೂರು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಕ್ರಮ 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಆಂಬುಲೆನ್ಸ್ ಸಿಬ್ಬಂದಿಗಾಗಿ ರೂಪುಗೊಂಡಿತು. ಮುಂದೆ ಅದಕ್ಕೆ ಇನ್ನೆರಡು ಸೇರಿದವು. ಒಂದು ನಿಲುವು: ನಿಂತಲ್ಲೇ ಓಲಾಡುವುದು, ಒಂದು ಬದಿಗೆ ವಾಲಿ ನಡೆಯುವುದು, ತಡೆಯಲಾಗದ ತಲೆಸುತ್ತು. ಇನ್ನೊಂದು ನೋಟ: ಒಂದು ಕಣ್ಣಿಗೆ ಕತ್ತಲೆ ಕವಿಯುವುದು, ಒಂದೇ ವಸ್ತು ಎರಡಾಗಿ ಕಾಣುವುದು, ನೋಟದ ಅರ್ಧಭಾಗ ಇಲ್ಲವಾಗುವುದು. ಮೆದುಳಿನ ಹಿಂಭಾಗಕ್ಕೆ ಪೆಟ್ಟಾದಾಗ ಕೈಕಾಲು ನೆಟ್ಟಗಿದ್ದು ಇವೆರಡೇ ಕಾಣಬಹುದು. ನಾಳ ಒಡೆದಾಗ ಹಿಂದೆಂದೂ ಬಾರದಂಥ ಸಿಡಿಯುವ ತಲೆನೋವು, ವಾಂತಿ, ಎಚ್ಚರ ತಪ್ಪುವುದು ಜೊತೆಗೂಡುತ್ತವೆ.

ಇವುಗಳಲ್ಲಿ ಒಂದೇ ಒಂದು ಗುರುತು ಕಂಡರೂ ಆಸ್ಪತ್ರೆಗೆ ಹೊರಡಲು ಸಾಕು. ಎಲ್ಲವೂ ಕೂಡಿ ಬರಲೆಂದು ಕಾಯುವಂತಿಲ್ಲ.

ಪಾರ್ಶ್ವವಾಯುವಿನಂತೆ ತೋರುವ ಬೇರೆ ಕಾಯಿಲೆಗಳೂ ಇವೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟವರಿಗೆ ಶುಗರ್ ತೀರಾ ಇಳಿದರೆ ಮಾತು ತೊದಲಿ ಕೈ ಸೋಲುತ್ತದೆ. ಆಸ್ಪತ್ರೆಯಲ್ಲಿ ಮೊದಲು ಬೆರಳು ಚುಚ್ಚಿ ಶುಗರ್ ನೋಡುವುದು ಇದಕ್ಕೇ. ಮುಖದ ನರವೊಂದೇ ಕೆಟ್ಟು ಬಾಯಿ ಸೊಟ್ಟಗಾಗುವುದೂ ಉಂಟು. ಆಗ ಆ ಬದಿಯ ಹಣೆ ನೆರಿಗೆಗಟ್ಟುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಎಂದಿನಂತೆಯೇ ಇರುತ್ತದೆ. ಈ ವ್ಯತ್ಯಾಸ ನೋಡಿ ತೀರ್ಮಾನಿಸುವ ಹೊಣೆ ವೈದ್ಯರದು, ಮನೆಯವರದಲ್ಲ.

ಬಂದು ಹೋದ ಗುರುತು

ಕೈ ಸೋತು, ಮಾತು ತಪ್ಪಿ, ಹತ್ತಿಪ್ಪತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಗುವುದುಂಟು. ಸಿಕ್ಕಿಕೊಂಡ ಹೆಪ್ಪು ತಾನಾಗಿ ಕರಗಿ ರಕ್ತ ಮತ್ತೆ ಹರಿದಾಗ ಹೀಗಾಗುತ್ತದೆ. ಜನ ಇದನ್ನು ಮಿನಿ ಸ್ಟ್ರೋಕ್ ಎನ್ನುತ್ತಾರೆ. ದೇವರು ದೊಡ್ಡವನು, ಗಂಡಾಂತರ ಕಳೆಯಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಇದಾದ ಮೂರು ತಿಂಗಳೊಳಗೆ ಹತ್ತರಲ್ಲಿ ಸುಮಾರು ಒಬ್ಬರಿಗೆ ದೊಡ್ಡ ಪಾರ್ಶ್ವವಾಯು ಬಂದದ್ದು, ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನಗಳಲ್ಲಿ ಬಂದದ್ದು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡುಬಂತು. ಗುರುತು ಮಾಯವಾದರೂ ಅದೇ ದಿನ ಆಸ್ಪತ್ರೆಗೆ ಹೋದರೆ ಕಾರಣ ಹುಡುಕಿ, ಮಾತ್ರೆ ಶುರುಮಾಡಿ, ಬರಲಿರುವುದನ್ನು ತಡೆಯುವ ಅವಕಾಶವಿದೆ.

ಗಡಿಯಾರ ಎಲ್ಲಿಂದ ಶುರುವಾಗುತ್ತದೆ

ದೊಡ್ಡ ನಾಳವೊಂದು ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ನರತಜ್ಞ ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಡಬಹುದಾದದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಮೂರು ಗಂಟೆಯೊಳಗೆ ಕೊಟ್ಟರೆ ಗುಣ ಕಾಣುತ್ತದೆಂದು 1995ರಲ್ಲಿ ತಿಳಿಯಿತು. 2008ರ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆ ಗಡುವಿನೊಳಗೂ ಒಂದೊಂದು ನಿಮಿಷಕ್ಕೆ ಬೆಲೆಯಿದೆ. ಮೊದಲ ಗಂಟೆಯಲ್ಲಿ ಕೊಟ್ಟ ಮದ್ದು ಮಾಡುವ ಕೆಲಸವನ್ನು ನಾಲ್ಕನೆಯ ಗಂಟೆಯಲ್ಲಿ ಕೊಟ್ಟದ್ದು ಮಾಡದು.

ಈ ಗಂಟೆಗಳನ್ನು ಎಣಿಸುವುದು ಮನೆಯವರು ಗುರುತನ್ನು ಕಂಡ ಹೊತ್ತಿನಿಂದಲ್ಲ, ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ರಾತ್ರಿ 10ಕ್ಕೆ ಮಲಗಿದವರು ಬೆಳಿಗ್ಗೆ 6ಕ್ಕೆ ಕೈ ಬಿದ್ದ ಸ್ಥಿತಿಯಲ್ಲಿ ಎದ್ದರೆ ಲೆಕ್ಕ ರಾತ್ರಿ 10ರಿಂದ. ನಡುವೆ 4 ಗಂಟೆಗೆ ಎದ್ದು ಬಚ್ಚಲಿಗೆ ಹೋಗಿಬಂದಾಗ ಸರಿಯಾಗಿದ್ದರೆಂದು ಯಾರಾದರೂ ಹೇಳಬಲ್ಲವರಾದರೆ ಲೆಕ್ಕ 4ರಿಂದ. ಆ ಒಂದು ಮಾತಿನಿಂದ ಚಿಕಿತ್ಸೆಯ ಬಾಗಿಲು ತೆರೆಯಬಹುದು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಯೂ ಇದೇ.

ಕೆ.ಆರ್. ಪುರದಿಂದ ಸ್ಕ್ಯಾನ್ ಕೋಣೆಗೆ

ಬೆಂಗಳೂರಿನ ಪೂರ್ವಭಾಗ ಕಾರ್ಖಾನೆಗಳ ಸುತ್ತ ಬೆಳೆದದ್ದು. ಎಚ್‌ಎಎಲ್, ದೂರವಾಣಿನಗರದ ಐಟಿಐ, ತಿಪ್ಪಸಂದ್ರದ ಬಿಇಎಂಎಲ್‌ಗಳಲ್ಲಿ ದುಡಿದು ನಿವೃತ್ತರಾದವರು, ಅವರ ಮನೆಯ ಹಿರಿಯರು ಇಲ್ಲಿನ ಬಡಾವಣೆಗಳಲ್ಲಿದ್ದಾರೆ. ಮಕ್ಕಳು ಕೆಲಸಕ್ಕೆ ಹೋದ ಹಗಲು ಹೊತ್ತಿನಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಎಷ್ಟೋ. ಕೆ.ಆರ್. ಪುರದ ಅಂಥ ಒಂದು ಮನೆಯಲ್ಲಿ ಸಂಜೆ 5ಕ್ಕೆ ಒಬ್ಬರ ಕೈ ಸೋತಿತೆಂದು ಇಟ್ಟುಕೊಳ್ಳೋಣ. ಮಗ ಬರಲೆಂದು ಒಂದು ಗಂಟೆ ಕಾಯುವುದು, ಬೀದಿಯ ಕ್ಲಿನಿಕ್ಕಿನಲ್ಲಿ ಒಂದು ಗಂಟೆ, ಟಿನ್ ಫ್ಯಾಕ್ಟರಿ ಮತ್ತು ಹಳೆ ಮದ್ರಾಸ್ ರಸ್ತೆಯ ದಟ್ಟಣೆಯಲ್ಲಿ ಒಂದು ಗಂಟೆ, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗೆ ಒಂದು ಗಂಟೆ. ನಾಲ್ಕು ಗಂಟೆ ಕಳೆದುಹೋಯಿತು. ಈ ನಾಲ್ಕರಲ್ಲಿ ಮೊದಲ ಎರಡನ್ನು ಉಳಿಸುವುದು ಮನೆಯವರ ಕೈಯಲ್ಲಿದೆ.

2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರಂಭವಾದ ಆರೋಗ್ಯ ಕವಚದ 108 ಆಂಬುಲೆನ್ಸ್‌ಗೆ ಶುಲ್ಕವಿಲ್ಲ. ಕರೆ ಮಾಡುವಾಗ ‘ಸ್ಟ್ರೋಕ್ ಇರಬಹುದು’ ಎಂಬ ಮಾತನ್ನು ಮೊದಲೇ ಹೇಳಬೇಕು. ಹೋಗಬೇಕಾದದ್ದು ಬರೀ ಹತ್ತಿರದ ಆಸ್ಪತ್ರೆಗಲ್ಲ. ಹಗಲು ರಾತ್ರಿ ತಲೆಯ ಸಿಟಿ ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಆಸ್ಪತ್ರೆಗಳಲ್ಲಿ ಹತ್ತಿರದ್ದಕ್ಕೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಎಚ್‌ಎಎಲ್ ಹಳೆ ವಿಮಾನ ನಿಲ್ದಾಣ ರಸ್ತೆಯ ಖಾಸಗಿ ಆಸ್ಪತ್ರೆಗಳು ಈ ಭಾಗದವರಿಗೆ ಹತ್ತಿರ. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ದಿನದ 24 ಗಂಟೆಯೂ ನರರೋಗಿಗಳನ್ನು ನೋಡುತ್ತದೆ, ಆದರೆ ಕೆ.ಆರ್. ಪುರದಿಂದ ಅದು ದೂರ. ಯಾವ ಆಸ್ಪತ್ರೆಯಲ್ಲಿ ರಾತ್ರಿ ಏನು ಸಿಗುತ್ತದೆಂದು ಎಲ್ಲರೂ ಆರೋಗ್ಯವಾಗಿರುವಾಗಲೇ ಕೇಳಿ, ಬರೆದು, ಗೋಡೆಗೆ ಅಂಟಿಸಿಡುವುದು ಪ್ರತಿ ಮನೆಯೂ ಮಾಡಬಹುದಾದ ಕೆಲಸ.

ಹೊರಡುವಾಗ ಜೊತೆಗಿರಬೇಕಾದವು ಮೂರು: ರೋಗಿ ನುಂಗುವ ಎಲ್ಲ ಮಾತ್ರೆಗಳು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯ ವಿವರ; ಕೊನೆಯ ಬಾರಿ ಸರಿಯಾಗಿದ್ದ ಹೊತ್ತು; ಅದನ್ನು ಕಣ್ಣಾರೆ ಕಂಡ ಒಬ್ಬರು.

ಮಾಡಬಾರದ್ದೂ ಅಷ್ಟೇ ಮುಖ್ಯ. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ಗಂಟಲಿನ ಸ್ವಾಧೀನ ತಪ್ಪಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವ ಆಸ್ಪಿರಿನ್ ಮಾತ್ರೆಯನ್ನು ಇಲ್ಲಿ ಸ್ಕ್ಯಾನ್‌ಗೆ ಮೊದಲು ಕೊಡುವಂತಿಲ್ಲ; ನಾಳ ಒಡೆದಿದ್ದರೆ ಅದರಿಂದ ರಕ್ತಸ್ರಾವ ಹೆಚ್ಚುತ್ತದೆ. ಬಿ.ಪಿ. ಏರಿದೆಯೆಂದು ಮನೆಯಲ್ಲೇ ಹೆಚ್ಚುವರಿ ಮಾತ್ರೆ ನುಂಗಿಸುವುದೂ ಕೇಡು. ಎಚ್ಚರವಿಲ್ಲದವರನ್ನು, ವಾಂತಿಯಾಗುತ್ತಿರುವವರನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಎಣ್ಣೆ ತಿಕ್ಕುವುದು, ನಾಟಿ ಮದ್ದಿಗೆ ದೂರದೂರಿಗೆ ಕರೆದೊಯ್ಯುವುದು, ಬಿದ್ದ ಕೈಗೆ ಪಾರಿವಾಳದ ರಕ್ತ ಹಚ್ಚುವುದು, ಇವುಗಳಿಂದ ಮೆದುಳಿನ ನಾಳ ತೆರೆಯುವುದಿಲ್ಲ. ಪ್ರೀತಿಯಿಂದಲೇ ಮಾಡುವ ಇಂಥ ಆರೈಕೆಯಲ್ಲಿ ಕಳೆದ ಗಂಟೆಗಳು ಮತ್ತೆ ಸಿಗುವುದಿಲ್ಲ.

ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ

ಸಿಟಿ ಸ್ಕ್ಯಾನ್ ಕೆಲವೇ ನಿಮಿಷಗಳ ಕೆಲಸ. ರಕ್ತ ಸೋರಿದ್ದರೆ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಸೋರಿಲ್ಲ, ಹೊತ್ತೂ ಮೀರಿಲ್ಲ ಎಂದಾದರೆ ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಸೂಜಿ ಚುಚ್ಚಬೇಕೆಂಬುದು ಒಳ್ಳೆಯ ಆಸ್ಪತ್ರೆಗಳು ಇಟ್ಟುಕೊಳ್ಳುವ ಗುರಿ. ದೊಡ್ಡ ನಾಳ ಕಟ್ಟಿದ್ದರೆ ತೊಡೆಸಂದಿಯ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಮೆದುಳಿನವರೆಗೆ ಸಾಗಿಸಿ ಹೆಪ್ಪನ್ನು ಹಿಡಿದು ಹೊರಗೆಳೆಯುವ ವಿಧಾನವಿದೆ. ಅದರ ಗುಣವನ್ನು 2015ರ ಅಧ್ಯಯನಗಳು ಖಚಿತಪಡಿಸಿದವು. ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಭಾಗ ಇನ್ನೂ ಇದೆಯೆಂದು ಕಂಡ ಕೆಲವರಿಗೆ 24 ಗಂಟೆಯವರೆಗೂ ಇದನ್ನು ಮಾಡಬಹುದೆಂದು 2018ರಲ್ಲಿ ತಿಳಿಯಿತು. ಆದ್ದರಿಂದ ತಡವಾಯಿತೆಂದು ಮನೆಯವರೇ ತೀರ್ಮಾನಿಸಿ ಸುಮ್ಮನೆ ಕೂರಬಾರದು.

ಕಾರಣಗಳು

ಪಾರ್ಶ್ವವಾಯು ಹಣೆಬರಹವಲ್ಲ. 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಅವರೂ ಇದ್ದರು. ಬದಲಾಯಿಸಬಹುದಾದ ಹತ್ತು ಕಾರಣಗಳೇ ಪಾರ್ಶ್ವವಾಯುವಿನ ಅಪಾಯದ ಹತ್ತರಲ್ಲಿ ಒಂಬತ್ತು ಪಾಲಿಗೆ ಹೊಣೆ ಎಂಬುದು ಅದರ ಸಾರ. ಅವುಗಳಲ್ಲಿ ಮೊದಲನೆಯದು ರಕ್ತದೊತ್ತಡ. ಅದೊಂದೇ ಸುಮಾರು ಅರ್ಧ ಪಾಲಿಗೆ ಕಾರಣ. ನಂತರ ಬರುವವು ಮೈ ಬಗ್ಗಿಸದ ಬದುಕು, ಕೊಬ್ಬು, ಆಹಾರ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಬೀಡಿ ಸಿಗರೇಟು, ಹೃದಯದ ಕಾಯಿಲೆ, ಮದ್ಯ, ಸಕ್ಕರೆ ಕಾಯಿಲೆ. ಹೃದಯದ ಬಡಿತ ತಾಳ ತಪ್ಪಿದವರಲ್ಲಿ ಹೃದಯದೊಳಗೆ ಹೆಪ್ಪುಗಟ್ಟುವ ಭಯ ಹೆಚ್ಚು.

ರಕ್ತದೊತ್ತಡ ಏರಿದವರಿಗೆ ಬಹುಕಾಲ ಏನೂ ಅನಿಸುವುದಿಲ್ಲ. ಅಳೆಯದೆ ಅದು ಗೊತ್ತಾಗುವುದಿಲ್ಲ, ಮಾತ್ರೆ ಬಿಟ್ಟರೆ ಮತ್ತೆ ಏರುತ್ತದೆ. ತಲೆಸುತ್ತು ನಿಂತಿತು, ಈಗ ಮಾತ್ರೆ ಬೇಡ ಎಂದು ತಾವಾಗಿಯೇ ನಿಲ್ಲಿಸಿದವರು ಎಷ್ಟೋ ಮಂದಿ ತಿಂಗಳುಗಳ ನಂತರ ಪಾರ್ಶ್ವವಾಯು ಬಡಿದು ಬರುತ್ತಾರೆ. ಅಳತೆ ಪದೇ ಪದೇ 140/90 ಅಥವಾ ಅದಕ್ಕೂ ಮೇಲೆ ಬಂದರೆ ಚಿಕಿತ್ಸೆಯ ಮಾತು ವೈದ್ಯರೊಡನೆ ಆಗಲೇಬೇಕು. ನಗರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಳತೆಗೆ ಹಣ ಬೇಕಿಲ್ಲ. ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದು ಚಹಾ ಚಮಚದಷ್ಟು, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ತಿಂಡಿ ಎಲ್ಲವೂ ಸೇರಿ.

ವಯಸ್ಸಾದವರಿಗಷ್ಟೇ ಬರುತ್ತದೆಂಬ ನಂಬಿಕೆಯೂ ಸರಿಯಲ್ಲ. ಬಾಣಂತಿಯರಲ್ಲಿ ಮೆದುಳಿನಿಂದ ರಕ್ತ ಹೊರತರುವ ಸಿರೆಗಳೇ ಹೆಪ್ಪುಗಟ್ಟುವ ಬಗೆಯೊಂದಿದೆ. ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಿಡದ ತಲೆನೋವು, ವಾಂತಿ, ಫಿಟ್ಸ್, ಒಂದು ಬದಿಯ ಸೋಲು ಇದರ ಗುರುತುಗಳು. ಮೈಯಲ್ಲಿ ನೀರಿನಂಶ ಕಡಿಮೆಯಾದಷ್ಟೂ ರಕ್ತ ಗಟ್ಟಿಯಾಗುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪಥ್ಯ ಈ ಅಪಾಯವನ್ನು ಹೆಚ್ಚಿಸುತ್ತದೆ. ಶಿವಾಜಿನಗರದ ಘೋಷಾ ಆಸ್ಪತ್ರೆಯಂಥ ಹೆರಿಗೆ ಆಸ್ಪತ್ರೆಗಳಿಂದ ಮಗುವನ್ನು ಎತ್ತಿಕೊಂಡು ಮನೆಗೆ ಹೊರಡುವ ಪ್ರತಿ ತಾಯಿಗೂ, ಆಕೆಯ ಅಮ್ಮನಿಗೂ ಅತ್ತೆಗೂ ಈ ಮಾತು ತಿಳಿದಿರಬೇಕು.

ಚೇತರಿಕೆ

ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಆದರೆ ಉಳಿದ ಭಾಗಗಳು ಹೊಸ ಹಾದಿ ಹುಡುಕಿಕೊಂಡು ಹೋದ ಕೆಲಸವನ್ನು ಕಲಿಯಬಲ್ಲವು. ಮೊದಲ ಮೂರು ತಿಂಗಳಲ್ಲಿ ಈ ಕಲಿಕೆ ಚುರುಕು, ನಂತರವೂ ಅದು ನಿಲ್ಲುವುದಿಲ್ಲ. ದಿನವೂ ಮಾಡುವ ಫಿಸಿಯೊಥೆರಪಿಯಿಂದ ಕೈಕಾಲಿಗೆ ಬಲ ಬರುತ್ತದೆ. ಮಾತಿಗೆ ವಾಕ್ ಚಿಕಿತ್ಸೆ ಬೇಕು. ದಂಡು ಪ್ರದೇಶದ ಪಕ್ಕದಲ್ಲೇ, ಹೆಣ್ಣೂರು ರಸ್ತೆಯಲ್ಲಿರುವ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ್ದೇ. ಮನಸ್ಸು ಕುಗ್ಗುವುದೂ ಕಾಯಿಲೆಯ ಒಂದು ಭಾಗ, ಅದಕ್ಕೂ ಚಿಕಿತ್ಸೆಯಿದೆ.

ಬಹುಭಾಷೆಯ ಊರಿಗೆ ಹತ್ತಿರವಾದ ಒಂದು ಸಂಗತಿ ಹೈದರಾಬಾದಿನಿಂದ ಬಂದಿದೆ. ಈಗ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿನ 608 ಪಾರ್ಶ್ವವಾಯು ರೋಗಿಗಳನ್ನು ಅಭ್ಯಾಸ ಮಾಡಿದರು. ಒಂದೇ ಭಾಷೆ ಬಲ್ಲವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ನೆನಪು, ಗಮನ, ಯೋಚನೆಯ ಶಕ್ತಿ ಕುಂದದೆ ಉಳಿದಿದ್ದರೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಸುಮಾರು 40 ಮಂದಿಗೆ ಉಳಿದಿತ್ತು. ಮಾತು ಕೆಡುವ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಭಾಷೆಯಿಂದ ಭಾಷೆಗೆ ದಿನವೂ ಹೊರಳುವ ಮೆದುಳಿಗೆ ಪೆಟ್ಟನ್ನು ತಾಳಿಕೊಳ್ಳುವ ಕಸುವು ಸ್ವಲ್ಪ ಹೆಚ್ಚಿರಬಹುದೆಂಬುದು ಅವರ ಅಭಿಪ್ರಾಯ.

ಒಮ್ಮೆ ಪಾರ್ಶ್ವವಾಯು ಬಂದವರಿಗೆ ಮತ್ತೊಮ್ಮೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಆದ್ದರಿಂದ ರಕ್ತದೊತ್ತಡ, ಸಕ್ಕರೆ, ಕೊಬ್ಬು ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸುವಂತಿಲ್ಲ. ಮುಖ, ಕೈ, ಮಾತು, ನಿಲುವು, ನೋಟ ಎಂಬ ಐದು ಗುರುತುಗಳನ್ನು, ಹೊತ್ತು ನೋಡಿಡುವ ಅಭ್ಯಾಸವನ್ನು, 108 ಎಂಬ ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಕಲಿಸಬೇಕು. ಅಜ್ಜ ಅಜ್ಜಿಯ ಜೊತೆ ಹಗಲಿಡೀ ಇರುವವರು, ಬದಲಾವಣೆಯನ್ನು ಮೊದಲು ಕಾಣುವವರು ಅವರೇ ಆಗಿರಬಹುದು.